ಸಿಲಿಂಡರ್ ಒಂದು, ಸೈಲೆನ್ಸರ್ ಎರಡು!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೂ ತಯಾರಾದ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಇದ್ದದ್ದು ಒಂದೇ! ಆ ಒಂದರಿಂದಲೇ ಎಡಕ್ಕೊಂದು, ಬಲಕ್ಕೊಂದು ಹೊಗೆಕೊಳವೆ ಹೊರಡುತ್ತಿತ್ತು. ಹಾಗಾಗಿ ಸ್ವಚ್ಛ ಮಾಡುವ ಕೆಲಸವೂ ದುಪ್ಪಟ್ಟು.

ಈ ಬೈಕಿನದು ಟೂ-ಸ್ಟ್ರೋಕ್ ಎಂಜಿನ್; ಅದರಲ್ಲಿ ಪೆಟ್ರೋಲ್ ಜತೆ ಆಯಿಲ್ ಕೂಡ ಉರಿಯುತ್ತದೆ. ಪೂರ್ತಿ ಸುಡದ ಆಯಿಲ್ ಸೈಲೆನ್ಸರ್ ಒಳಗೆ ಟಾರಿನಂತೆ ಅಂಟಿಕೊಳ್ಳುತ್ತದೆ. ಒಳಗಿನ ಬ್ಯಾಫಲ್ ಎಂಬ ತೂತಿನ ಕೊಳವೆಯ ರಂಧ್ರಗಳು ಕಟ್ಟಿದರೆ ಗಾಡಿ ಏರು ಹತ್ತಲು ಏದುಸಿರು ಬಿಡುತ್ತದೆ. ಸೈಲೆನ್ಸರ್ ಬಾಲದ ಕಡೆಯಿಂದ ಬ್ಯಾಫಲ್ ಹೊರಗೆಳೆದು, ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ ಕರಿ ಉಜ್ಜಿ ತೆಗೆಯುವುದು ಹಳೆಯ ಮೆಕ್ಯಾನಿಕ್‌ಗಳ ಪಟ್ಟು.

ಸದ್ದು ಜೋರಾಗಲೆಂದು ಬ್ಯಾಫಲ್ಲನ್ನೇ ಕಿತ್ತೆಸೆಯುವುದು ಮಾತ್ರ ಖಂಡಿತ ತಪ್ಪು. ಟೂ-ಸ್ಟ್ರೋಕ್‌ನಲ್ಲಿ ಹೊಗೆಯ ಜತೆ ಹೊಸ ಇಂಧನವೂ ಸ್ವಲ್ಪ ಹೊರನುಸುಳುತ್ತದೆ. ಸೈಲೆನ್ಸರ್‌ನಿಂದ ಮರಳುವ ಒತ್ತಡದ ಅಲೆಯೇ ಅದನ್ನು ಸಿಲಿಂಡರಿಗೆ ವಾಪಸ್ ತಳ್ಳುವುದು.