ದಾನದಿಂದ ಸಮಾಜಕಾರ್ಯಕ್ಕೆ

ಪದವಿ ತರಗತಿಯಲ್ಲಿ ಸಮಾಜಕಾರ್ಯವನ್ನು ಆರಿಸಿಕೊಂಡ ಹುಡುಗ ಹುಡುಗಿಯರಿಗೆ ನೆಂಟರಿಷ್ಟರು ತಪ್ಪದೆ ಹಾಕುವ ಪ್ರಶ್ನೆಯೊಂದಿದೆ: ‘ಸಮಾಜಸೇವೆ ಮಾಡುವುದಕ್ಕೂ ಕಾಲೇಜಿಗೆ ಹೋಗಬೇಕೇ?’ ಹಸಿದವನಿಗೆ ಅನ್ನ ಇಕ್ಕಲು, ಬಡ ಹುಡುಗನಿಗೆ ಪುಸ್ತಕ ಕೊಡಿಸಲು ಪದವಿ ಬೇಕಿಲ್ಲ, ನಿಜ. ಆದರೆ ಇಂದು ಉಂಡವನು ನಾಳೆ ಮತ್ತೆ ಏಕೆ ಹಸಿದಿರುತ್ತಾನೆ ಎಂಬುದನ್ನು ಅರಿಯಲು, ಆ ಕಾರಣವನ್ನು ಅವನೊಡನೆ ಸೇರಿಯೇ ನಿವಾರಿಸಲು ಕಲಿಕೆ ಬೇಕು. ದಾನಕ್ಕೂ ಸಮಾಜಕಾರ್ಯಕ್ಕೂ ಇರುವ ವ್ಯತ್ಯಾಸ ಇದೇ.

ಈ ಅರಿವು ಶಾಸ್ತ್ರದ ರೂಪ ಪಡೆದು ಬಹಳ ಕಾಲವೇನೂ ಆಗಿಲ್ಲ. ಅಮೆರಿಕದ ಮೇರಿ ರಿಚ್ಮಂಡ್ 1917ರಲ್ಲಿ ಪ್ರಕಟಿಸಿದ ‘ಸೋಶಿಯಲ್ ಡಯಾಗ್ನೋಸಿಸ್’ ಗ್ರಂಥದಲ್ಲಿ, ವೈದ್ಯನು ಮದ್ದು ಕೊಡುವ ಮುನ್ನ ರೋಗದ ಮೂಲವನ್ನು ಹುಡುಕುವಂತೆ ನೆರವಿಗೆ ಮುನ್ನ ವ್ಯಕ್ತಿಯ ಮನೆ, ದುಡಿಮೆ, ನೆಂಟಸ್ತಿಕೆಗಳನ್ನು ಅಭ್ಯಸಿಸಬೇಕೆಂದು ವಿವರಿಸಿದರು. ಭಾರತದಲ್ಲಿ ಇದರ ಶಿಕ್ಷಣಕ್ಕೆ ಮೊದಲ ಶಾಲೆ ತೆರೆದದ್ದು 1936ರಲ್ಲಿ, ಮುಂಬಯಿಯಲ್ಲಿ, ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ. ನಮ್ಮ ಕರಾವಳಿಯಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಈ ವಿದ್ಯೆಯನ್ನು ಕಲಿಸತೊಡಗಿತು.

ವಿದ್ಯಾರ್ಥಿ ಮೊದಲು ಕಲಿಯುವುದು ಮೂರು ವಿಧಾನಗಳನ್ನು: ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ ಮತ್ತು ಸಮುದಾಯ ಸಂಘಟನೆ. ಇವು ಪುಸ್ತಕದಲ್ಲಿ ಬೇರೆಬೇರೆ ಅಧ್ಯಾಯಗಳಾದರೂ ಬದುಕಿನಲ್ಲಿ ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ.

ಕುಮಟಾ ತಾಲೂಕಿನ ತದಡಿ ಬಂದರಿನ ಬಳಿ ಒಬ್ಬ ಹುಡುಗ ಜೂನ್ ತಿಂಗಳಲ್ಲಿ ಶಾಲೆ ಬಿಟ್ಟನೆಂದು ಭಾವಿಸೋಣ. ‘ಹುಡುಗನಿಗೆ ಓದಿನ ಮೇಲೆ ಆಸೆಯಿಲ್ಲ, ಅಪ್ಪ ಕುಡುಕ’ ಎಂದು ಊರವರು ತೀರ್ಪು ಕೊಟ್ಟುಬಿಡುತ್ತಾರೆ. ಸಮಾಜಕಾರ್ಯಕರ್ತೆ ತೀರ್ಪು ಕೊಡುವುದಿಲ್ಲ. ಹುಡುಗನ ತಾಯಿಯ ಪಕ್ಕ ಕುಳಿತು, ‘ಅಕ್ಕಾ, ಮಳೆಗಾಲದಲ್ಲಿ ಮನೆ ಹೇಗೆ ನಡೆಯುತ್ತದೆ?’ ಎಂದು ಕೇಳುತ್ತಾಳೆ. ಆಗ ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧವಿದೆ. ಶಾಲೆಯ ಪುಸ್ತಕ, ಛತ್ರಿ, ಸಮವಸ್ತ್ರಗಳ ಖರ್ಚು ಎದುರಾಗುವುದೂ ದೋಣಿಯ ದುಡಿಮೆ ನಿಲ್ಲುವ ಹೊತ್ತಿನಲ್ಲೇ. ಮನೆಯವರು ಸಾಲ ಮಾಡುತ್ತಾರೆ. ಸಾಲ ತೀರಿಸಲು ಹುಡುಗ ದುಡಿಯಲು ಹೊರಡುತ್ತಾನೆ. ಇಷ್ಟನ್ನು ಕಂಡುಕೊಳ್ಳುವುದು ವ್ಯಕ್ತಿಗತ ಕಾರ್ಯ. ಇದೇ ತೊಂದರೆಯ ಹತ್ತಾರು ತಾಯಂದಿರು ಸೇರಿ ಬೇಸಿಗೆಯಲ್ಲೇ ಉಳಿತಾಯ ಮಾಡತೊಡಗಿದರೆ ಅದು ವೃಂದಗತ ಕಾರ್ಯ. ನಿಷೇಧದ ತಿಂಗಳುಗಳಿಗೆ ಪರಿಹಾರ ಬೇಕೆಂದು ಇಡೀ ಕೇರಿ ಒಂದಾಗಿ ಕೇಳಿದರೆ ಅದೇ ಸಮುದಾಯ ಸಂಘಟನೆ.

ಈ ಮೂರನೆಯ ವಿಧಾನಕ್ಕೆ ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ಚುಟುಕು ಕವಿಯೆಂದು ನಾಡಿಗೆಲ್ಲ ಪರಿಚಿತರಾದ ದಿನಕರ ದೇಸಾಯಿ (1909-1982) ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿದ್ದರು. ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಕಾಲದಲ್ಲಿ ಹಾಲಕ್ಕಿ ಒಕ್ಕಲಿಗ, ನಾಮಧಾರಿ ಮೊದಲಾದ ಸಮುದಾಯಗಳ ಅನೇಕರು ಗೇಣಿ ಒಕ್ಕಲುಗಳಾಗಿದ್ದರು. ಬೆಳೆದದ್ದರಲ್ಲಿ ದೊಡ್ಡ ಪಾಲು ಒಡೆಯರ ಕಣಜಕ್ಕೆ ಹೋಗುತ್ತಿತ್ತು. ಬಡ ಒಕ್ಕಲಿಗೆ ಒಂದು ಮುಡಿ ಅಕ್ಕಿ ಕೊಟ್ಟು ಪುಣ್ಯ ಕಟ್ಟಿಕೊಳ್ಳುವುದು ಸುಲಭವಿತ್ತು. ದೇಸಾಯಿಯವರು ಅದನ್ನು ಮಾಡದೆ ರೈತರನ್ನು ಸಂಘಟಿಸಿದರು. ಇದಕ್ಕಾಗಿ ಬ್ರಿಟಿಷ್ ಸರಕಾರ ಅವರನ್ನು ಸ್ವಂತ ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ದಾನಿಯನ್ನು ಯಾವ ಸರಕಾರವೂ ಗಡೀಪಾರು ಮಾಡುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಮುಂದೆ 1953ರಲ್ಲಿ ಅವರು ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿದರು. ಕುಮಟಾದ ಮಿರ್ಜಾನ, ಭಟ್ಕಳದ ಶಿರಾಲಿಯಂಥ ಊರುಗಳಲ್ಲಿ ಟ್ರಸ್ಟಿನ ಜನತಾ ವಿದ್ಯಾಲಯಗಳು ತೆರೆದವು. ರೈತ ಚಳವಳಿಗೂ ಶಾಲೆಗೂ ಏನು ಸಂಬಂಧ ಎಂದು ಕೇಳಬಹುದು. ಓದು ಬಾರದ ಒಕ್ಕಲಿಗೆ ಗೇಣಿ ರಸೀದಿಯಲ್ಲಿ ಬರೆದದ್ದೇನೆಂದು ತಿಳಿಯದು. ರಸೀದಿಯಿಲ್ಲದಿದ್ದರೆ ತಾನು ಉಳುತ್ತಿರುವುದಕ್ಕೆ ಸಾಕ್ಷಿಯೂ ಇಲ್ಲ. 1974ರ ಭೂಸುಧಾರಣೆಯ ಬಳಿಕ ‘ಡಿಕ್ಲರೇಶನ್’ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾಗಿ ಬಂದಾಗ, ಕಾನೂನು ಕೊಟ್ಟ ಹಕ್ಕನ್ನು ಕೈಗೆ ತಂದುಕೊಳ್ಳಲು ಅಕ್ಷರವೂ ಧೈರ್ಯವೂ ಬೇಕೆಂಬುದು ಸ್ಪಷ್ಟವಾಯಿತು.

ಇನ್ನೊಂದು ಉದಾಹರಣೆ ಹೊನ್ನಾವರದ ಕಾಸರಕೋಡಿನದು. ವೈದ್ಯೆ ಡಾ. ಕುಸುಮಾ ಸೊರಬ ಅಲ್ಲಿ ‘ಸ್ನೇಹಕುಂಜ’ದ ಮೂಲಕ ಹಳ್ಳಿಗರ ಆರೋಗ್ಯಕ್ಕಾಗಿ ದುಡಿದರು. ಕಾಡು, ನೀರು, ನೆಲ ಕೆಟ್ಟರೆ ಆರೋಗ್ಯ ಉಳಿಯದೆಂದು ಅರಿತು ಪರಿಸರ ಹೋರಾಟಕ್ಕೂ ಇಳಿದರು. 1998ರಲ್ಲಿ ಅಪಘಾತದಲ್ಲಿ ಅವರು ತೀರಿಕೊಂಡದ್ದು ಜಿಲ್ಲೆಗಾದ ದೊಡ್ಡ ನಷ್ಟ.

ವಿಧಾನಗಳಿಗಿಂತ ಕಷ್ಟವಾದವು ತತ್ತ್ವಗಳು. ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಹೇಳಿದ ಏಳು ತತ್ತ್ವಗಳನ್ನು ಎಲ್ಲ ವಿದ್ಯಾರ್ಥಿಗಳೂ ಬಾಯಿಪಾಠ ಮಾಡುತ್ತಾರೆ. ಗುಟ್ಟು ಕಾಯುವುದು ಅವುಗಳಲ್ಲೊಂದು. ಒಂದು ಮನೆಯ ಮಾತು ಸಂಜೆಯೊಳಗೆ ಕೇರಿಯ ಕೊನೆ ತಲುಪುವ ಊರಿನಲ್ಲಿ, ಕ್ಷಯರೋಗಿಯ ಮನೆಗೆ ಹೋಗಿ ಬಂದ ವಿದ್ಯಾರ್ಥಿ ಚಹಾದಂಗಡಿಯಲ್ಲಿ ಬಾಯಿಬಿಟ್ಟರೆ ಆ ಮನೆಯ ಬಾಗಿಲು ಮುಂದೆಂದೂ ತೆರೆಯದು. ತೀರ್ಪು ಕೊಡದಿರುವುದು ಇನ್ನೊಂದು. 1993ರ ಕೋಮುಗಲಭೆಯ ನೆನಪು ಹೊತ್ತ ಭಟ್ಕಳದಲ್ಲಿ ನೊಂದ ಮನೆಯನ್ನು ಹೊಕ್ಕವನು ಆ ಮನೆಯ ಧರ್ಮವನ್ನಲ್ಲ, ನೋವನ್ನು ಕೇಳಬೇಕು. ಎಲ್ಲಕ್ಕಿಂತ ಕಠಿಣವಾದದ್ದು ವ್ಯಕ್ತಿಯ ಸ್ವನಿರ್ಣಯವನ್ನು ಗೌರವಿಸುವುದು. ತನ್ನ ಬದುಕಿನ ತೀರ್ಮಾನ ಅವನದೇ; ನಾವು ದಾರಿಗಳನ್ನು ತೋರಿಸಬಹುದೇ ಹೊರತು ಕೈಹಿಡಿದು ಎಳೆಯುವಂತಿಲ್ಲ.

ಕ್ಷೇತ್ರಕಾರ್ಯಕ್ಕೆ ಹೋದ ವಿದ್ಯಾರ್ಥಿಗಳು ಬೀದಿ ಗುಡಿಸಿ, ಬ್ಯಾನರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಮರಳುವುದುಂಟು. ಬೀದಿ ಶುಚಿಯಾಗುತ್ತದೆ, ನಾಲ್ಕು ದಿನ. ಅದರ ಬದಲು ಒಂದೇ ಮನೆಯ ಜಗಲಿಯಲ್ಲಿ ಒಂದು ಗಂಟೆ ಕುಳಿತು ಕಿವಿಗೊಟ್ಟರೂ ಪಾಠ ಶುರುವಾದಂತೆ. ನಾವು ಹೊರಟುಬಂದ ಮೇಲೂ ಊರವರೇ ಕೆಲಸ ಮುಂದುವರಿಸಿದರೆ ಆ ಪಾಠ ಪೂರ್ತಿಯಾಯಿತೆನ್ನಬಹುದು.