‘ನೈಸ್’ ಶಬ್ದದ ಅರ್ಥಪರಿಣಾಮ

ಇಂಗ್ಲಿಷಿನ ‘ನೈಸ್’ ಎಂಬ ವಿಶೇಷಣವು ನಮ್ಮವರ ಮಾತಿನಲ್ಲಿಯೂ ಬಳಕೆಗೆ ಬಂದಿರುತ್ತದೆ. ಊಟ, ಹವೆ, ಮನೆ, ಮನುಷ್ಯ ಇವುಗಳಲ್ಲಿ ಯಾವುದನ್ನು ಮೆಚ್ಚಿದರೂ ಈ ಒಂದೇ ಮಾತು ಸಾಕಾಗುವುದು. ಆದರೆ ಇದು ಮೊದಲಿನಿಂದ ಪ್ರಶಂಸೆಯ ಮಾತಾಗಿರಲಿಲ್ಲ, ನಿಂದೆಯ ಮಾತಾಗಿದ್ದಿತು.

ಇದರ ಮೂಲವು ಲ್ಯಾಟಿನ್ ಭಾಷೆಯ ‘ನೆಸ್ಕಿಯುಸ್’ ಎಂಬ ಪದ. ಇದರಲ್ಲಿಯ ‘ನೆ’ ಎಂಬುದು ನಿಷೇಧಾರ್ಥಕ. ಸಂಸ್ಕೃತದ ‘ನ’ ಎಂಬುದಕ್ಕೆ ಜ್ಞಾತಿ. ‘ಸ್ಕೀರೆ’ ಎಂದರೆ ತಿಳಿಯುವುದು; ‘ಸೈನ್ಸ್’ ಎಂಬ ಪದವೂ ಈ ಧಾತುವಿನಿಂದಲೇ ಬಂದುದು. ಆದುದರಿಂದ ‘ನೆಸ್ಕಿಯುಸ್’ ಎಂದರೆ ‘ಅಜ್ಞ’ ಎಂದಾಯಿತು. ಹಳೆಯ ಫ್ರೆಂಚಿನಲ್ಲಿ ಇದು ‘ದಡ್ಡ’ನೆಂಬ ಅರ್ಥವನ್ನು ತಾಳಿ, ಸುಮಾರು 1300ರ ವೇಳೆಗೆ ಇಂಗ್ಲಿಷನ್ನು ಸೇರಿತು. 14ನೆಯ ಶತಮಾನದ ಕವಿ ಚಾಸರನಲ್ಲಿ ಇದಕ್ಕೆ ‘ಮೂರ್ಖ’ನೆಂಬ ಅರ್ಥವುಂಟು. ಇದನ್ನರಿಯದೆ ಓದುವವನು ಕವಿಯ ತಿರಸ್ಕಾರವನ್ನು ಹೊಗಳಿಕೆಯೆಂದು ಭ್ರಮಿಸುವನು.

ಕಾಲಕ್ರಮದಲ್ಲಿ ಈ ಪದಕ್ಕೆ ‘ಅತಿ ನಾಜೂಕಿನ’, ‘ಯಾವುದನ್ನೂ ಸುಲಭವಾಗಿ ಒಪ್ಪದ’ ಎಂಬ ಅರ್ಥಗಳೂ, 16ನೆಯ ಶತಮಾನದಲ್ಲಿ ‘ಸೂಕ್ಷ್ಮವಾದ’ ಎಂಬ ಅರ್ಥವೂ ಬಂದುವು. ಸೂಕ್ಷ್ಮವಾದ ಭೇದವನ್ನು ‘ನೈಸ್ ಡಿಸ್ಟಿಂಕ್ಷನ್’ ಎನ್ನುವುದು ಇಂದಿಗೂ ಉಂಟು. ಸೂಕ್ಷ್ಮರುಚಿಯವನು ಮೆಚ್ಚಿದ ವಸ್ತು ಹಿತವಾದುದೇ ಆಗಿರಬೇಕಷ್ಟೆ; 18ನೆಯ ಶತಮಾನದಲ್ಲಿ ‘ಹಿತವಾದ’ ಎಂಬ ಅರ್ಥವು ರೂಢಿಗೆ ಬಂದಿತು. ಆ ಬಳಕೆಯು ಎಷ್ಟು ಹಬ್ಬಿತೆಂದರೆ, 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನಳ ‘ನಾರ್ಥ್ಯಾಂಗರ್ ಆಬಿ’ ಎಂಬ ಕಾದಂಬರಿಯಲ್ಲಿ ಹೆನ್ರಿ ಟಿಲ್ನಿಯೆಂಬ ಪಾತ್ರವು ಇದನ್ನು ಪರಿಹಾಸ ಮಾಡುತ್ತದೆ.

ಇಂತಹ ಪರಿಣಾಮವು ನಮಗೆ ಅಪರಿಚಿತವಲ್ಲ. ‘ಮುಹ್’ ಎಂಬ ಒಂದೇ ಧಾತುವಿನಿಂದ ‘ಮೂಢ’, ‘ಮುಗ್ಧ’ ಎಂಬ ಎರಡು ರೂಪಗಳು ಹುಟ್ಟಿದುವು. ಮೊದಲನೆಯದು ನಿಂದೆಯಲ್ಲಿಯೇ ಉಳಿಯಿತು. ಎರಡನೆಯದು ‘ತಿಳಿಯದ’ ಎಂಬುದರಿಂದ ‘ಕಪಟವರಿಯದ’, ‘ಮನೋಹರವಾದ’ ಎಂಬ ಅರ್ಥಗಳಿಗೆ ಏರಿತು. ಇದಕ್ಕೆ ವಿರುದ್ಧವಾದ ನಡೆಯೂ ಉಂಟು: ಇಂದು ‘ಪೆದ್ದು’ ಎಂಬರ್ಥ ಕೊಡುವ ಇಂಗ್ಲಿಷಿನ ‘ಸಿಲ್ಲಿ’ ಎಂಬ ಪದವು ಪೂರ್ವದಲ್ಲಿ ‘ಧನ್ಯ’ನೆಂಬ ಅರ್ಥವುಳ್ಳ ಪದದಿಂದ ಬಂದುದು.

ಕೊನೆಗೆ ಒಂದು ಎಚ್ಚರಿಕೆ. ಧ್ವನಿಸಾಮ್ಯವನ್ನು ನೆಚ್ಚಿ, ಇಂಗ್ಲಿಷಿನ ‘ನೈಸ್’ ನಮ್ಮ ‘ನಯ’ಕ್ಕೆ ಸಂಬಂಧಿಯೆಂದು ಹೇಳುವುದು ಸಲ್ಲದು. ಶಬ್ದದ ಕುಲವನ್ನು ಅದರ ಚರಿತ್ರೆಯಿಂದ ತಿಳಿಯಬೇಕಲ್ಲದೆ ಕಿವಿಯಿಂದಲ್ಲ. ಪ್ರಾಚೀನ ಗ್ರಂಥಗಳನ್ನು ಓದುವವರು, ಅವು ಯಾವ ಭಾಷೆಯವಾದರೂ, ಇಂದಿನ ಅರ್ಥವನ್ನು ಅಂದಿನ ಪದಕ್ಕೆ ಹೊರಿಸದೆ ಮುಂದುವರಿಯುವುದು ಉಚಿತ.