ಊರು ಬಿಡೋ ಮುಂಚೆ ಯಾವ ಗುಡ್ಡದ ಫೋಟೋ ತೆಗೀಬೇಕು?

ಹೋದ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತು ಇಲ್ಲದವರು ಓದಿಕೊಳ್ಳಬಹುದು. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಲೆಕ್ಕಗಳನ್ನೂ ಸೇರಿಸಿದ್ದೀನಿ.

ಪುಣೆಯಿಂದ ಕೆನಡಾಕ್ಕೋ ಜರ್ಮನಿಗೋ ಹೊರಟು ನಿಂತವರು ನನ್ನ ಹತ್ತಿರ ಕೇಳೋದು ಒಂದೇ ಪ್ರಶ್ನೆ: "ಹೋಗೋದರೊಳಗೆ ಇಲ್ಲಿನ ನಾಲ್ಕು ಒಳ್ಳೆ ಲ್ಯಾಂಡ್‌ಸ್ಕೇಪ್ ಫೋಟೋ ತೆಗೀಬೇಕು, ಎಲ್ಲಿಗೆ ಹೋಗಲಿ?" ಅವರ ಪಟ್ಟಿಯಲ್ಲಿ ಕಾಸ್ ಪಠಾರದ ಹೂವು, ಲೋಣಾವಳದ ಮಂಜು, ಭಿಗವಣದ ಫ್ಲೆಮಿಂಗೊ ಆಗಲೇ ಇರುತ್ತವೆ. ಹೋಗಿ, ತೆಗೀರಿ, ಬೇಡ ಅನ್ನಲ್ಲ. ಆದರೆ ಎರಡು ವರ್ಷ ಆದಮೇಲೆ ಪರದೇಶದ ಒಂದು ಸಂಜೆ ನೀವು ಹುಡುಕೋ ಫೋಟೋ ಅದಾಗಿರಲ್ಲ. ದಿನಾ ಗಚ್ಚಿಯಿಂದ, ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದ ಗುಡ್ಡದ ಗೆರೆ ಇರುತ್ತದಲ್ಲ, ಅದನ್ನ ಹುಡುಕ್ತೀರಿ. ಅದನ್ನ ಯಾರೂ ತೆಗೆದಿರಲ್ಲ. ದಿನಾ ಇರೋದನ್ನ ಯಾರು ತೆಗೀತಾರೆ?

ಇದು ನನಗೆ ಹೊಳೆದಿದ್ದು ನಮ್ಮಪ್ಪನಿಂದ. ಅಪ್ಪ ಅಫಜಲಪುರ ತಾಲೂಕಿನವರು, ಭೀಮಾ ದಂಡೆಯ ಊರು. 1972ರ ಬರದ ಮರುವರ್ಷ ಪಿಂಪ್ರಿಯ ಕಾರ್ಖಾನೆ ಕೆಲಸಕ್ಕೆ ಬಂದವರು ಇಲ್ಲೇ ಉಳಿದರು. ಊರಿನ ಕಾಲದ ಮೂರು ಫೋಟೋ ಮನೆಯಲ್ಲಿವೆ. ಮೂರೂ ಸ್ಟುಡಿಯೋದಲ್ಲಿ ತೆಗೆಸಿದವು, ಮೂರರಲ್ಲೂ ಹಿಂದೆ ಬಣ್ಣದ ಪರದೆ: ಹಿಮದ ಬೆಟ್ಟ, ಸರೋವರ, ಎರಡು ಹಂಸ. ಎರೆಹೊಲದಲ್ಲಿ ಬೆಳೆದ ಮನುಷ್ಯನ ಹಿಂದೆ ಕಾಶ್ಮೀರ! ಊರಿನ ದಂಡೆ, ಜಾಲಿ ಮರ, ಜೋಳದ ಹೊಲ ಯಾವುದರದ್ದೂ ಒಂದು ಚಿತ್ರ ಇಲ್ಲ. ಅಪ್ಪ ಸಂಗಮ್ ಸೇತುವೆ ದಾಟುವಾಗೆಲ್ಲ ಕೆಳಗೆ ನೋಡಿ "ಈ ನೀರು ನಮ್ಮೂರಿಗೇ ಹೊಂಟದ ನೋಡು" ಅಂತಾರೆ. ಸುಳ್ಳಲ್ಲ. ಮುಳಾ ಮತ್ತು ಮುಠಾ ಅಲ್ಲಿ ಸೇರಿ, ಮುಂದೆ ಭೀಮೆಗೆ ಕೂಡಿ, ಉಜನಿ, ಪಂಢರಪುರ ದಾಟಿ ನಮ್ಮ ಗಾಣಗಾಪುರದ ಕಡೆಗೇ ಹರಿದುಹೋಗುತ್ತವೆ. ಫೋಟೋ ಇಲ್ಲದವರಿಗೆ ನದಿಯೇ ಆಲ್ಬಮ್ಮು.

ಈಗ ನನ್ನಕ್ಕ ಟೊರೊಂಟೊದಲ್ಲಿದ್ದಾಳೆ. ಹೋಗುವಾಗ ಫೋನಿನಲ್ಲಿ ಸಾವಿರಾರು ಫೋಟೋ ಇದ್ದವು. ಆದರೂ ಒಂದು ದಿನ ಫೋನ್ ಮಾಡಿ, "ವೇತಾಳ ಟೇಕಡಿ ಮೇಲಿಂದ ಸಿಂಹಗಡ ಕಾಣೋದು ಒಂದು ಕಳಿಸೋ, ನನ್ನ ಹತ್ರ ಇರೋದರಲ್ಲಿ ಗಡವೇ ಇಲ್ಲ" ಅಂದಳು. ಗಡ ಇತ್ತು. ಉಗುರಿನ ತುದಿಯಷ್ಟಿತ್ತು.

ಇದು ಬಹಳ ಜನರ ದೂರು, ಕಾರಣ ಸರಳ. ಫೋನಿನ ಮುಖ್ಯ ಲೆನ್ಸು ಅಗಲಕ್ಕೆ ಸುಮಾರು 70 ಡಿಗ್ರಿ ನೋಟ ಹಿಡಿಯುತ್ತದೆ. ಆಕಾಶದ ಹುಣ್ಣಿಮೆ ಚಂದ್ರ ಬರೀ ಅರ್ಧ ಡಿಗ್ರಿ. ಅಂದರೆ ಚೌಕಟ್ಟಿನ 140ರಲ್ಲಿ ಒಂದು ಪಾಲು. ಅದಕ್ಕೇ ಫೋನಿನಲ್ಲಿ ಚಂದ್ರ ಅಕ್ಕಿಕಾಳಾಗಿ ಕಾಣೋದು. ವೇತಾಳ ಟೇಕಡಿಯಿಂದ ಸಿಂಹಗಡ ನೇರ ಗೆರೆಯಲ್ಲಿ ಸುಮಾರು 20 ಕಿ.ಮೀ. ನಿಮ್ಮ ಕಣ್ಣು ಅಷ್ಟು ದೂರದ ಗಡವನ್ನ ಗಮನ ಇಟ್ಟು ಹೆಕ್ಕಿ ನೋಡುತ್ತದೆ, ಸುತ್ತಲಿನ ಕಟ್ಟಡ, ತಂತಿ ಎಲ್ಲವನ್ನೂ ಮರೆತುಬಿಡುತ್ತದೆ. ಲೆನ್ಸಿಗೆ ಯಾವುದರ ಮೇಲೂ ವಿಶೇಷ ಪ್ರೀತಿ ಇಲ್ಲ. ಹಾಗಾಗಿ ನೆನಪಿನ ಅಳತೆಗೆ ಗುಡ್ಡ ಬರಬೇಕಾದರೆ ಫೋನಿನ 3ಎಕ್ಸ್ ಲೆನ್ಸು ಹಾಕಿ. ನೋಟ 27 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಕ್ಯಾಮೆರಾ ಇದ್ದರೆ 70ರಿಂದ 200 ಎಂ.ಎಂ. "ಲ್ಯಾಂಡ್‌ಸ್ಕೇಪ್ ಅಂದ್ರೆ ವೈಡ್ ಆಂಗಲ್" ಅನ್ನೋ ಪಾಠ ಅರ್ಧ ಮಾತ್ರ ಸರಿ. ಕಾಲಡಿಯ ಕಲ್ಲು, ಹುಲ್ಲು ಮುಖ್ಯವಾದಾಗ ವೈಡ್. ದೂರದ ಗುಡ್ಡವೇ ಮುಖ್ಯವಾದಾಗ ಅದು ಕೈ ಕೊಡುತ್ತದೆ.

ಸಮಯದ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಗುಡ್ಡಗಳು ಮೇಲೆ ಚಪ್ಪಟೆ, ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲು. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಪದರದ ಮೇಲೆ ಪದರ ಹರಿದು ಗಟ್ಟಿಯಾದ ಕಪ್ಪು ಕಲ್ಲು ಇದು. ಡೆಕ್ಕನ್ ಟ್ರ್ಯಾಪ್ ಅನ್ನೋ ಹೆಸರಿನ ಟ್ರ್ಯಾಪ್ ಕೂಡ ಸ್ವೀಡಿಶ್ ಭಾಷೆಯ 'ಮೆಟ್ಟಿಲು' ಅನ್ನೋ ಪದದಿಂದ ಬಂದದ್ದು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಈ ಮೆಟ್ಟಿಲು ಅಳಿಸಿಹೋಗುತ್ತವೆ. ಬೆಳಗ್ಗೆ ಅಥವಾ ಸಂಜೆ, ಬೆಳಕು ಪಕ್ಕದಿಂದ ಬಿದ್ದಾಗ ಒಂದೊಂದು ಪದರದ ಕೆಳಗೂ ನೆರಳು ಬಿದ್ದು ಗುಡ್ಡಕ್ಕೆ ಮೈ ಬರುತ್ತದೆ. ಡಿಸೆಂಬರ್‌ನಲ್ಲಿ ಧೂಳಿನ ಮಬ್ಬು ಜಾಸ್ತಿ. ಮಳೆ ನಿಂತ ಮರುಗಳಿಗೆ ಗಾಳಿ ತೊಳೆದಿಟ್ಟ ಹಾಗಿರುತ್ತದೆ, ಆಗ ಓಡಿ.

ಇನ್ನು ಹೊಸ ದೇಶದ ಕಡೆ. ಅಕ್ಕ ಮೊದಲ ಚಳಿಗಾಲದಲ್ಲಿ ಕಳಿಸಿದ ಫೋಟೋಗಳಲ್ಲಿ ಹಿಮ ಕೊಳೆಬಟ್ಟೆಯ ಬಣ್ಣದಲ್ಲಿತ್ತು. "ಇಲ್ಲಿ ಎಲ್ಲಾ ಬೇಜಾರು, ಬೆಳಕೇ ಇಲ್ಲ" ಅಂತ ಕೆಳಗೆ ಬರೆದಿದ್ದಳು. ಬೇಜಾರು ನಿಜವೇ. ಆದರೆ ಬಣ್ಣದ ತಪ್ಪು ಕ್ಯಾಮೆರಾದ್ದು. ಕ್ಯಾಮೆರಾದ ಮೀಟರ್ ಎದುರಿಗಿರೋದು ಏನೇ ಆಗಲಿ, ಅದನ್ನ ಮಧ್ಯಮ ಬೂದು ಅಂತಲೇ ಎಣಿಸುತ್ತದೆ. ಬಿಳಿ ಹಿಮವನ್ನ ಕತ್ತಲು ಮಾಡಿ ಬೂದಿಗೆ ತರುತ್ತದೆ. ಮಳೆಯಲ್ಲಿ ನೆನೆದ ನಮ್ಮ ಕರಿಕಲ್ಲನ್ನ ಬೆಳಗಿಸಿ ಅದೇ ಬೂದಿಗೆ ತರುತ್ತದೆ. ಹಿಮಕ್ಕೆ ಎಕ್ಸ್‌ಪೋಶರ್ ಒಂದು, ಒಂದೂವರೆ ಸ್ಟಾಪ್ ಹೆಚ್ಚಿಸಿ. ಕರಿಕಲ್ಲಿಗೆ ಅರ್ಧದಿಂದ ಒಂದು ಸ್ಟಾಪ್ ಇಳಿಸಿ. ಫೋನಿನಲ್ಲಿ ಪರದೆ ಮುಟ್ಟಿದರೆ ಸೂರ್ಯನ ಗುರುತು ಬರುತ್ತದೆ, ಅದನ್ನ ಮೇಲೆ ಕೆಳಗೆ ಎಳೆದರೆ ಆಯ್ತು.

ಬೆಳಕು ಇಲ್ಲ ಅನ್ನೋದೂ ಪೂರ್ತಿ ಸರಿಯಲ್ಲ, ಬೇರೆ ಥರ ಇದೆ ಅಷ್ಟೇ. ಪುಣೆಯಲ್ಲಿ ಮೇ ಮಧ್ಯದಲ್ಲಿ ಸೂರ್ಯ ನೆತ್ತಿಯ ಮೇಲೇ ಬಂದು ನೆರಳೇ ಕಾಣದ ದಿನ ಒಂದಿದೆ. ಡಿಸೆಂಬರ್ 21ರ ನಡುಹಗಲಲ್ಲೂ ಇಲ್ಲಿ ಸೂರ್ಯ 48 ಡಿಗ್ರಿ ಎತ್ತರ ಇರುತ್ತಾನೆ, ಟೊರೊಂಟೊದಲ್ಲಿ ಬರೀ 23. ಅಂದರೆ ಅಲ್ಲಿ ಚಳಿಗಾಲದ ದಿನವೆಲ್ಲಾ ಉದ್ದ ನೆರಳು. ಸಂಜೆ ಹೊತ್ತು ಸೂರ್ಯ ಓರೆಯಾಗಿ ಇಳಿಯೋದರಿಂದ ಇಲ್ಲಿ ಅರ್ಧ ಗಂಟೆಯೊಳಗೆ ಮುಗಿಯೋ ಹೊಂಬಿಸಿಲು ಅಲ್ಲಿ 40 ನಿಮಿಷ ದಾಟುತ್ತದೆ. ಇದನ್ನ ಹೇಳಿದ ಮೇಲೆ ಅಕ್ಕ ಮನೆ ಹತ್ತಿರದ ಸರೋವರದ ದಂಡೆಗೆ ಪ್ರತಿ ಭಾನುವಾರ ಹೋಗಿ, ಒಂದೇ ಜಾಗದಲ್ಲಿ ನಿಂತು ಒಂದೇ ಫೋಟೋ ತೆಗೆಯೋಕೆ ಶುರು ಮಾಡಿದಳು. ಹತ್ತು ತಿಂಗಳಿಗೆ ಆ ದಂಡೆಗೆ "ನಮ್ಮ ದಂಡೆ" ಅನ್ನತೊಡಗಿದ್ದಳು.

ಇದು ಹಳೇ ದಾರಿ. ಅಮೆರಿಕದ ಸಿಯಾಟಲ್‌ನಲ್ಲಿ 1924ರಲ್ಲಿ ಜಪಾನಿನಿಂದ ಬಂದ ವಲಸಿಗರು ಸೇರಿ ಸಿಯಾಟಲ್ ಕ್ಯಾಮೆರಾ ಕ್ಲಬ್ ಕಟ್ಟಿದರು. ಮುಂದಾಳು ಕ್ಯೊ ಕೊಯಿಕೆ ಅನ್ನೋ ವೈದ್ಯ. ಅಲ್ಲಿನ ಮೌಂಟ್ ರೇನಿಯರ್ ಶಿಖರವನ್ನ ಈ ವಲಸಿಗರು 'ಟಕೋಮಾ ಫ್ಯೂಜಿ' ಅಂತ ಕರೆಯುತ್ತಿದ್ದರು. ಕೊಯಿಕೆ ಆ ಬೆಟ್ಟದ ಮಂಜು, ಹಿಮ, ಮರಗಳನ್ನ ಮತ್ತೆ ಮತ್ತೆ ತೆಗೆದರು. ಯುದ್ಧ ಬಂದಾಗ ಅಲ್ಲಿನ ಸರ್ಕಾರ ಜಪಾನೀಯರ ಕೈಯಿಂದ ಕ್ಯಾಮೆರಾ ಕಿತ್ತುಕೊಂಡಿತು, ಕೊಯಿಕೆಯನ್ನ ಮಿನಿಡೋಕಾ ಶಿಬಿರಕ್ಕೆ ಕಳಿಸಿತು. ಬೆಟ್ಟವನ್ನ ನಮ್ಮದು ಅಂದುಕೊಂಡವರಿಗೆ ಊರು ಅಷ್ಟು ಸುಲಭಕ್ಕೆ ತನ್ನವರು ಅನ್ನಲ್ಲ, ಏನು ಮಾಡೋಣ.

ಊರಲ್ಲೇ ಇರೋ ನಮಗೂ ಗುಡ್ಡ ಖಾತ್ರಿ ಅಲ್ಲ. ವೇತಾಳ ಟೇಕಡಿಗೆ ಅಡ್ಡಲಾಗಿ ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ರಸ್ತೆ ಮಾಡೋ ಯೋಜನೆ ವಿರುದ್ಧ 2023ರಲ್ಲಿ ಪುಣೇಕರರು ಬೀದಿಗಿಳಿದದ್ದು ನಿಮಗೆ ಗೊತ್ತು. ಉಜನಿ ಹಿನ್ನೀರಿನಲ್ಲಿ ಪಳಸದೇವದ ಹಳೇ ದೇವಸ್ಥಾನ ಮುಳುಗಿದೆ. ನೀರು ತಳ ಕಂಡ ಬೇಸಿಗೆಯಲ್ಲಿ ಅದು ಮೇಲೆ ಬರುತ್ತದೆ, ಜನ ಕ್ಯಾಮೆರಾ ಹಿಡಿದು ಓಡುತ್ತಾರೆ. ಸುತ್ತಲಿದ್ದ ಊರಿನ ಬೀದಿಗಳು ನೀರು ಬರುವ ಮುಂಚೆ ಹೇಗಿದ್ದವು ಅಂತ ತೋರಿಸೋಕೆ ಎಷ್ಟು ಮನೆಗಳಲ್ಲಿ ಒಂದು ಚಿತ್ರ ಇದ್ದೀತು? ಅಲ್ಲಿಯೂ ಬಣ್ಣದ ಪರದೆಯ ಫೋಟೋಗಳೇ ಇರುತ್ತವೆ ಅಂತ ನನ್ನ ಅನುಮಾನ.

ಹಾಗಾಗಿ ಹೊರಡೋರಿಗೆ ನನ್ನ ಸಲಹೆ ಇಷ್ಟು. ಒಂದೇ ಜಾಗ ಆರಿಸಿ, ನಿಮ್ಮ ಗಚ್ಚಿಯಾದರೂ ಸರಿ. ಒಂದು ಬೆಳಗ್ಗೆ, ಒಂದು ಸಂಜೆ, ಒಂದು ಮಳೆ. ನೀರಿನ ಟ್ಯಾಂಕು, ತಂತಿ, ಪಕ್ಕದ ಮನೆಯ ಒಣಹಾಕಿದ ಬಟ್ಟೆ ಚೌಕಟ್ಟಿನಲ್ಲಿ ಬಂದರೆ ಬರಲಿ, ತೆಗೆದುಹಾಕಬೇಡಿ. ಎಲ್ಲಿ ನಿಂತಿದ್ದಿರಿ, ಯಾವ ದಿಕ್ಕಿಗೆ, ಯಾವ ತಾರೀಖು ಅಂತ ಬರೆದಿಡಿ. ಮುಂದೆ ಊರಿಗೆ ಬಂದಾಗ ಅಲ್ಲೇ ನಿಂತು ಮತ್ತೆ ತೆಗೆಯೋಕೆ ಅದು ಬೇಕು. ಎರಡು ಪ್ರಿಂಟ್ ಹಾಕಿಸಿ, ಒಂದನ್ನ ಸೂಟ್‌ಕೇಸಿನಲ್ಲಿಡಿ, ಇನ್ನೊಂದನ್ನ ಮನೆಯಲ್ಲಿ ಉಳಿದವರಿಗೆ ಕೊಡಿ. ಅಕ್ಕ ಕೇಳಿದ ಸಿಂಹಗಡದ ಫೋಟೋ ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲ ಮೇಲೂ ಇದೆ. ಪಕ್ಕದಲ್ಲಿ ಅವಳ ಸರೋವರ. ಅಪ್ಪ ಚಹಾ ಕುಡೀತಾ ಸರೋವರದ್ದನ್ನೇ ಹೆಚ್ಚು ನೋಡ್ತಾರೆ. "ಈ ನೀರು ಎಲ್ಲಿಗಿ ಹೋಗ್ತದ?" ಅಂತ ಮೊನ್ನೆ ಕೇಳಿದರು. ಮ್ಯಾಪ್ ತೆಗೆದು, ಸೇಂಟ್ ಲಾರೆನ್ಸ್ ನದಿಯ ಗುಂಟ ಅಟ್ಲಾಂಟಿಕ್‌ವರೆಗೆ ಬೆರಳಿಟ್ಟು ತೋರಿಸಿದೆ.